ಮೆಲ್ಲಗೆ ಮೇಷ್ಟ್ರು

ನಮ್ಮ ಪಕ್ಕದ ಮನೆಯ ಪಿಯಾನೊ ಮೇಷ್ಟ್ರಿಗೆ ಕಟ್ಟಡದವರೆಲ್ಲ ಸೇರಿ ಇಟ್ಟ ಹೆಸರು ‘ಮೆಲ್ಲಗೆ ಮೇಷ್ಟ್ರು’. ಪಾಠಕ್ಕೆ ಬಂದವರಿಗೂ ಮೆಟ್ಟಿಲಲ್ಲಿ ಸಿಕ್ಕವರಿಗೂ ಅವರದು ಒಂದೇ ಮಾತು: “ಮೆಲ್ಲಗೆ, ಮೆಲ್ಲಗೆ. ಗಲಾಟೆ ಯಾರು ಬೇಕಾದ್ರೂ ಮಾಡ್ತಾರೆ.” ಮನೆಯ ಕುರ್ಚಿಗಳ ಕಾಲಿಗೆಲ್ಲ ಹಳೆಯ ಕಾಲುಚೀಲ ತೊಡಿಸಿದ್ದಾರೆ; ಸೀನು ಬಂದರೆ ದಿಂಬು ಹುಡುಕುತ್ತಾರೆ; ಅವರಿಗೆ ಸಿಟ್ಟು ಬಂದಿದೆಯೆಂದು ತಿಳಿಯಬೇಕಾದರೆ ನಮ್ಮ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ಯಬೇಕು. ಇಂಥವರು ಪಾಠ ಮುಗಿದ ಮೇಲೆ ದಿನಾ ಸಂಜೆ ಬಟ್ಟೆ ಒಗೆದ ಹಾಗೆ ಪಿಯಾನೊ ಬಡಿಯುತ್ತಾರೆ, ನಮ್ಮ ಅಡುಗೆಮನೆಯ ತಟ್ಟೆಗಳೆಲ್ಲ ನಡುಗುತ್ತವೆ. ನಿನ್ನೆ ಜಗಳಕ್ಕೆಂದೇ ಹೋದೆ. ಬಾಗಿಲು ತೆರೆದಿತ್ತು. ಜ್ವರ ಬಂದು ಎರಡೂ ಕಿವಿ ಹೋದ ಅವರ ಹೆಂಡತಿ ಪಿಯಾನೊದ ಮರಕ್ಕೆ ಅಂಗೈಗಳನ್ನು ಒತ್ತಿ ನಿಂತಿದ್ದರು. ಮೇಷ್ಟ್ರು ಬೆವರುತ್ತ ಬಾರಿಸುತ್ತಿದ್ದರು. ಆಕೆ ಥಟ್ಟನೆ ಗದರಿದರು: “ಏನ್ರೀ ಇದು, ಎಲ್ಲಾ ಒಂದೇ ಸಮ ಜೋರು? ಆ ಮೆಲ್ಲಗೆ ಬರೋ ಜಾಗ ಎಲ್ಲಿ ಹೋಯ್ತು?” ಮೇಷ್ಟ್ರು ಬೆರಳು ಹಗುರ ಮಾಡಿದರು. ಬಾಗಿಲಲ್ಲಿದ್ದ ನನಗೆ ಏನೂ ಕೇಳಿಸಲಿಲ್ಲ; ಆಕೆ ಮಾತ್ರ “ಹಾಂ, ಈಗ ಬಂತು” ಎಂದು ತಲೆದೂಗಿದರು.