ಮರದ ಮೋಟಾರಿಗೆ ಮಡಿ

ಪುಣೆಯ ನಮ್ಮ ಮನೆಗೆ ಮೋಟಾರು ಬಂದದ್ದು ದೊಡ್ಡ ಯುದ್ಧ ಮುಗಿದ ಮೇಲೆ. ರವಿವಾರ ಪೇಟೆಯಲ್ಲಿ ನಮ್ಮದು ಖಣ ಮತ್ತು ಇಳಕಲ್ ಸೀರೆಯ ಅಂಗಡಿ. ಸ್ಟೇಷನ್ನಿನಿಂದ ಅಂಗಡಿಗೆ ಬಟ್ಟೆಯ ಗಂಟು ತರಲು ಟಾಂಗಾ ಸಾಕಾಗಿತ್ತು. ಆದರೆ ನಮ್ಮ ಮನೆಯವರಿಗೆ ಮೋಟಾರಿನ ಹುಚ್ಚು. ಹುಚ್ಚಿಗೆ ನೆಪ ಬೇಕಲ್ಲ, ಎರಡು ಹುಡುಕಿದರು. ಒಂದು ಆ ಗಂಟು. ಇನ್ನೊಂದು ನಮ್ಮ ಅತ್ತೆ.

ಎರಡನೆಯದು ಬರೀ ನೆಪವಲ್ಲ, ಒಪ್ಪುತ್ತೇನೆ. ಅತ್ತೆಯ ಅಕ್ಕ ಸಾತಾರೆಯಲ್ಲಿ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಆ ಕಡೆಯಿಂದ ಯಾರು ಬಂದರೂ ಒಂದೇ ಮಾತು ಹೇಳಿ ಕಳಿಸುತ್ತಿದ್ದರು: “ತಂಗೀನ್ನ ಒಮ್ಮೆ ನೋಡಬೇಕು.” ಅತ್ತೆ ಅದನ್ನು ಕೇಳಿ ಜಪದ ಸರ ತಿರುಗಿಸುತ್ತಿದ್ದರು. ಅವರ ಮೊಣಕಾಲು ರೈಲಿನ ಮೆಟ್ಟಿಲು ಹತ್ತುವಂತಿರಲಿಲ್ಲ. ಇದ್ದಿಲ ಹೊಗೆ ಕಾರುವ ಬಸ್ಸಿನಲ್ಲಿ ಕಂಡಕಂಡವರಿಗೆ ಮೈ ತಾಗಿಸಿಕೊಂಡು ಕೂರುವುದಂತೂ ದೂರದ ಮಾತು. ಕೆಂಪು ಸೀರೆಯ ಕಡುಮಡಿಯ ಹೆಂಗಸು ಅವರು. ಮಡಿಯಲ್ಲಿದ್ದಾಗ ಸೊಸೆಯಾದ ನನ್ನ ಸೆರಗು ತಾಗಿದರೂ ಮತ್ತೆ ಸ್ನಾನ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಗೋಡೆ ಸವರಿಕೊಂಡು ನಡೆಯುವುದನ್ನು ನಾನು ಚೆನ್ನಾಗಿ ಕಲಿತಿದ್ದೆ.

ದಂಡಿನ ಕ್ಯಾಂಪಿನಲ್ಲಿ ತನ್ನ ದೇಶಕ್ಕೆ ಹೊರಟಿದ್ದ ಸಾಹೇಬನೊಬ್ಬ ಮೋಟಾರು ಮಾರುತ್ತಾನೆಂದು ಯಾರೋ ಹೇಳಿದರು. ಇವರು ನನ್ನನ್ನೂ ಕರೆದುಕೊಂಡು ಹೋದರು. ಬಂಗಲೆಯ ಹಿಂದಿನ ಶೆಡ್ಡಿನಲ್ಲಿ ಅದು ಇಟ್ಟಿಗೆಗಳ ಮೇಲೆ ನಿಂತಿತ್ತು. ಮುಂದಿನ ಮೂತಿ ಮಾತ್ರ ಕಬ್ಬಿಣದ್ದು. ಅಲ್ಲಿಂದ ಹಿಂದಕ್ಕೆಲ್ಲ ಮರ. ಮರದ ಬಾಗಿಲು, ಮರದ ಪಕ್ಕೆ, ಬೆನ್ನಿಗೆ ಚಕ್ಕಡಿಯದರಂತೆ ಕೆಳಕ್ಕೆ ಬಿಚ್ಚಿಕೊಳ್ಳುವ ಒಂದು ದೊಡ್ಡ ಹಲಗೆ. ಇದನ್ನು ಸ್ಟೇಷನ್ ವ್ಯಾಗನ್ ಎನ್ನುತ್ತಾರಂತೆ. ನಮ್ಮ ಅಡುಗೆಮನೆಯ ಕಪಾಟಿಗೆ ಗಾಲಿ ಹಚ್ಚಿದ ಹಾಗೆ ಅದ ಎಂದೆ. ಇವರಿಗೆ ಸಿಟ್ಟು ಬಂತು.

ಸಾಹೇಬ ಯುದ್ಧಕ್ಕೆ ಹೋದ, ಪೆಟ್ರೋಲಿಗೆ ಕೂಪನ್ ಬಂತು, ಗಾಡಿ ಶೆಡ್ಡಿನಲ್ಲೇ ಉಳಿಯಿತು. ಮೀಟರಿನಲ್ಲಿದ್ದ ಮೈಲಿ ನೋಡಿ ಇವರ ಮುಖ ಅರಳಿತು. “ಓಡೇ ಇಲ್ಲ ನೋಡು, ಹೊಸಾದೇ ಅಂತ ತಿಳಿ” ಎಂದರು. ಓಡದೆ ನಿಂತದ್ದು ಹೊಸದಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ಗಂಡಸರದು. ಬಳಸದೆ ಮೂಲೆಗಿಟ್ಟ ಒರಳಿಗೂ ಜೇಡ ಬಲೆ ಕಟ್ಟುತ್ತದೆ ಎಂಬುದು ಅಡುಗೆಮನೆಯಲ್ಲಿದ್ದವರಿಗೆ ಗೊತ್ತು. ಟೈರು ಬಿರುಕು ಬಿಟ್ಟಿದ್ದವು. ನೀರು ಹೋಗುವ ರಬ್ಬರ್ ಕೊಳವೆ ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ಸೀಟಿನೊಳಗೆ ಅಳಿಲು ಸಂಸಾರ ಹೂಡಿ ಹೋಗಿತ್ತು. ಆದರೂ ಇವರು ತೆಗೆದುಕೊಂಡರು. ಹೊರಡುವಾಗ ಸಾಹೇಬ ಮರದ ಬಾಗಿಲನ್ನು ಸವರುತ್ತ ತನ್ನ ಹರಕು ಹಿಂದಿಯಲ್ಲಿ, “ಪಾನೀ ಮತ್ ಡಾಲೋ. ತೇಲ್ ಲಗಾವ್” ಎಂದು ಎರಡು ಸಲ ಹೇಳಿದ. ನೀರು ಹಾಕಬೇಡಿ, ಎಣ್ಣೆ ಹಚ್ಚಿ. ಮಗಳನ್ನು ಗಂಡನ ಮನೆಗೆ ಕಳಿಸುವವನ ಮುಖ ಇತ್ತು ಅವನದು. ನನಗೆ ಪಾಪ ಅನ್ನಿಸಿತು.

ಗಾಡಿ ವಾಡೆಯ ಅಂಗಳಕ್ಕೆ ಬಂದಾಗ ಎದುರುಮನೆಯ ಮರಾಠಿ ಬಾಯಿ ಮಹಡಿಯಿಂದಲೇ, “ಕಾಯ್ ಹೋ, ಲಾಕಡೀ ಗಾಡೀ ಘೇತಲೀ ಕಾ?” ಎಂದು ಕೂಗಿದಳು. ಮರದ ಗಾಡಿ ಕೊಂಡದ್ದು ಹೀಗೆ ಇಡೀ ಓಣಿಗೆ ಗೊತ್ತಾಯಿತು. ಅತ್ತೆ ಮಾತ್ರ ಪಡಸಾಲೆಯ ಹೊಸ್ತಿಲಲ್ಲೇ ನಿಂತು ನೋಡಿದರು.

“ಇದರಾಗ ಯಾರ ಕೂಡ್ತಿದ್ರು?”

“ಸಾಹೇಬ, ಅವ್ವಾ.”

“ಮತ್ತ?”

ನಮ್ಮ ಮನೆಯವರಿಗೆ ವ್ಯಾಪಾರದಲ್ಲಿ ಬೇಕಾದಷ್ಟು ಮಾತು ಬರುತ್ತದೆ, ತಾಯಿಯ ಮುಂದೆ ಸುಳ್ಳು ಬರುವುದಿಲ್ಲ. “ಅವನ ನಾಯಿ” ಎಂದರು.

“ಸೀಟು ಯಾತರದು?”

“ತೊಗಲಿಂದು.”

ಅತ್ತೆ ಒಳಗೆ ಹೋದರು. ಅಲ್ಲಿಗೆ ಸಾತಾರೆಯ ಮಾತು ಮುಗಿಯಿತು ಅಂದುಕೊಂಡೆವು. ಆದರೆ ಇವರು ಬಿಡಲಿಲ್ಲ. ಹಿಂದಿನ ತೊಗಲಿನ ಸೀಟನ್ನೆಲ್ಲ ಬಿಚ್ಚಿ ಹೊರಗಿಟ್ಟರು. ಮರದ ನೆಲದ ಮೇಲೆ ಊಟದ ಮಣೆ ಹಾಕಿ, ಮಡಿಯ ಉಣ್ಣೆಯ ಧಾಬಳಿ ಹಾಸಿ, ತಾಯಿಯನ್ನು ಕರೆದು ತೋರಿಸಿದರು. ಅತ್ತೆ ಬಹಳ ಹೊತ್ತು ನೋಡಿದರು. ಅಕ್ಕನ ಆಸೆ ಒಂದು ಕಡೆ, ಸಾಹೇಬನ ನಾಯಿ ಇನ್ನೊಂದು ಕಡೆ. ಕೊನೆಗೆ ಅಪ್ಪಣೆಯಾಯಿತು: “ಮರಾ ತೊಳದ್ರ ಶುದ್ಧ ಆಗ್ತದ. ದಿನಾ ತೊಳೀರಿ. ಆಮ್ಯಾಲೆ ನೋಡೂಣು.”

ನಮ್ಮವರಿಗೆ ಅತ್ತ ದರಿ, ಇತ್ತ ಪುಲಿ. ಬೆಳಿಗ್ಗೆ ತಾಯಿಯ ಮಾತಿನಂತೆ ಒಳಗೆ ಹೊರಗೆ ಕೊಡಗಟ್ಟಲೆ ನೀರು. ಸಂಜೆ ಸಾಹೇಬನ ಮಾತಿನಂತೆ ಅಗಸಿ ಎಣ್ಣೆ. ಆ ಎಣ್ಣೆ ನನ್ನ ಅಡುಗೆಮನೆಯದು. ಚಟ್ನಿಪುಡಿಗೆ ಹಾಕಿಕೊಳ್ಳಲು ಎಣ್ಣೆಯಿಲ್ಲದಿದ್ದರೂ ಗಾಡಿಯ ಮೈ ಮಾತ್ರ ಮಿರಮಿರ ಮಿಂಚುತ್ತಿತ್ತು. ಉಳಿದ ಚಾಕರಿ ಬೇರೆ. ಟೈರು ಹುಡುಕುವುದು, ಪ್ಲಗ್ಗು ಉಜ್ಜುವುದು, ರೇಡಿಯೇಟರಿಗೆ ನೀರು ಕುಡಿಸುವುದು. ಮೊದಲ ಮಗು ಹುಟ್ಟಿದಾಗಲೂ ಈ ಮನುಷ್ಯ ಇಷ್ಟು ಸಲ ಎದ್ದು ನೋಡಿರಲಿಲ್ಲ.

ನನಗೆ ಆ ಗಾಡಿಯ ಮೇಲೆ ಪ್ರೀತಿ ಹುಟ್ಟಿದ್ದು ಆ ಚಳಿಗಾಲದಲ್ಲೇ. ಒಂದು ಭಾನುವಾರ ಶಿವಾಜಿನಗರ ದಾಟಿ ವಾಕಡದ ಕಡೆ ಪರಿಚಯದವರ ಹೊಲಕ್ಕೆ ಸೀತನಿ ತಿನ್ನಲು ಹೋದೆವು. ಎಳೆಜೋಳದ ತೆನೆ ಸುಟ್ಟು, ಬಿಸಿಬಿಸಿ ಕಾಳು ಕೈಯಲ್ಲಿ ತಿಕ್ಕಿ, ಹಿಂದಿನ ಹಲಗೆ ಬಿಚ್ಚಿ ಅದರ ಮೇಲೆ ಕಾಲು ಇಳಿಬಿಟ್ಟು ಕೂತೆವು. ಮಕ್ಕಳು ಹೊಲದ ತುಂಬ ಓಡಾಡಿದರು. ತಲೆಯ ಮೇಲಿನ ಸೆರಗು ಜಾರಿದರೂ ಯಾರೂ ಕೇಳುವವರಿರಲಿಲ್ಲ. ಬಿಸಿಲಿಗೆ ಮರ ಅಗಸಿ ಎಣ್ಣೆಯ ವಾಸನೆ ಬಿಡುತ್ತಿತ್ತು. ಸುಖ ಅಂದರೆ ಇದೇ ಇರಬೇಕು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಅತ್ತೆ ಮಾತ್ರ ಹತ್ತಲಿಲ್ಲ. “ಇನ್ನೂ ನಾಯಿ ವಾಸನಿ ಬರ್ತದ” ಎನ್ನುವರು. ನೀರು ನಿಲ್ಲಲಿಲ್ಲ. ಬೇಸಿಗೆಯಲ್ಲಿ ಅಷ್ಟು ನೀರು ಸುರಿದರೂ ಮಧ್ಯಾಹ್ನಕ್ಕೆ ಒಣಗುತ್ತಿತ್ತು. ಮಿರಗದ ಮಳೆ ಹಿಡಿದ ಮೇಲೆ ಮರ ಒಣಗುವುದನ್ನೇ ಬಿಟ್ಟಿತು. ಬಾಗಿಲುಗಳು ಉಬ್ಬಿಕೊಂಡವು. ಹಾಕಲು ಭುಜ ಕೊಡಬೇಕು, ತೆರೆಯಲು ಕಾಲು ಕೊಟ್ಟು ಜಗ್ಗಬೇಕು. ಕಿಟಕಿಯ ಸಂದಿಯಲ್ಲಿ ಒಂದು ದಿನ ಬೆಳ್ಳಗೆ ಅಣಬೆ ಎದ್ದಿತ್ತು. “ನೀರ ನಿಲ್ಲಸ್ರಿ, ನಿಮ್ಮ ಗಾಡಿ ಹಿತ್ತಲಾಗಲಿಕತ್ತದ” ಎಂದೆ. “ಅವ್ವಗ ನೀನೇ ಹೇಳು” ಎಂದರು. ಇಬ್ಬರಿಗೂ ಧೈರ್ಯವಿರಲಿಲ್ಲ.

ಶ್ರಾವಣದಲ್ಲಿ ಸಾತಾರೆಯಿಂದ ಸುದ್ದಿ ಬಂತು. ಅಕ್ಕ ಊಟ ಬಿಟ್ಟಿದ್ದಾರೆ, ಗಂಜಿಯೂ ಸೇರುತ್ತಿಲ್ಲ. ಅತ್ತೆ ಜಪದ ಸರ ಕೆಳಗಿಟ್ಟರು. “ಗಾಡಿ ತಗೀರಿ” ಎಂದರು.

ಮಾರನೆಯ ಬೆಳಿಗ್ಗೆ ಹೊರಡುವ ಮುಂಚೆ ಅವರೇ ನಿಂತು, ಎಂದಿಗಿಂತ ಹೆಚ್ಚು ನೀರು ಹಾಕಿಸಿ, ಗೋಮೂತ್ರ ಸಿಂಪಡಿಸಿದರು. ಒದ್ದೆ ಸೀರೆ ಹಿಂಡಿ ಉಟ್ಟು, ತಮ್ಮ ತಂಬಿಗೆ ಹಿಡಿದು, ಸ್ಟೂಲಿನ ಮೇಲೆ ಕಾಲಿಟ್ಟು ಹತ್ತಿ ಮಣೆಯ ಮೇಲೆ ಕೂತರು. ಇವರು ಬಾಗಿಲಿಗೆ ಭುಜ ಕೊಟ್ಟು ಹಾಕಿದರು. ಮಕ್ಕಳನ್ನು ಎದುರುಮನೆಯ ಬಾಯಿಗೆ ಒಪ್ಪಿಸಿ ನಾನು ಮುಂದೆ ಕೂತೆ. ಕಾತ್ರಜ ಘಾಟಿನಿಂದಲೇ ಮಳೆ ಹಿಡಿಯಿತು. ದಾರಿಯುದ್ದಕ್ಕೂ ಅತ್ತೆ ಹನಿ ನೀರು ಬಾಯಿಗೆ ಹಾಕಲಿಲ್ಲ. ಅಕ್ಕ ಇರುತ್ತಾರೋ ಇಲ್ಲವೋ ಎಂಬ ಅಳುಕು ನಮ್ಮ ಮೂವರ ಎದೆಯಲ್ಲೂ ಇತ್ತು.

ಅಕ್ಕ ಇದ್ದರು. ಗಾಡಿ ನಿಲ್ಲುತ್ತಲೇ ಅವರ ಮಗ ಕೊಡೆ ಹಿಡಿದು ಓಡಿ ಬಂದು ಹಾಗೆಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಆದರೆ ಹಿಂದಿನ ಬಾಗಿಲು ತೆರೆಯಲಿಲ್ಲ. ಇವರು ಜಗ್ಗಿದರು. ಅಕ್ಕನ ಮಗ ಜಗ್ಗಿದ. ಇನ್ನೊಂದು ಪಕ್ಕದ್ದನ್ನು ನೋಡಿದರೆ ಅದೂ ಹಾಗೆಯೇ. ಬೆಳಗಿನ ನೀರು, ದಾರಿಯ ಮಳೆ, ಎರಡನ್ನೂ ಕುಡಿದು ಮರ ಬಿಗಿದುಕೊಂಡು ಕೂತಿತ್ತು. “ಮಾಡಿದ್ದುಣ್ಣೋ ಮಹಾರಾಯ” ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.

ಹಿಂದಿನ ಹಲಗೆ ಮಾತ್ರ ಬಿಚ್ಚಿತು. ಆದರೆ ಅಲ್ಲಿ ಕಾಲಿಡಲು ಮೆಟ್ಟಿಲಿಲ್ಲ, ಹಿಡಿಯಲು ಆಸರೆಯಿಲ್ಲ. ಆ ಎತ್ತರದಿಂದ ಅತ್ತೆ ತಾವಾಗಿ ಇಳಿಯುವಂತಿರಲಿಲ್ಲ; ಯಾರಾದರೂ ಎತ್ತಿಯೇ ಇಳಿಸಬೇಕು. ಇವರು ಕೈ ಚಾಚಿದರು.

“ಮುಟ್ಟಬ್ಯಾಡ ನನ್ನ! ಮಡಿಯಾಗಿದ್ದೀನಿ.”

“ಅವ್ವಾ, ಹಿಂಗಾದ್ರ ಹ್ಯಾಂಗ ಇಳೀತಿ?”

“ಬಾಗಲಾ ತಗಿ, ಇಳೀತೀನಿ.”

ಮಳೆಯಲ್ಲಿ ಈ ವಾದ ನಡೆದಿರುವಾಗ ಮನೆಯೊಳಗಿಂದ ಒಂದು ಸಣ್ಣ, ಚೂಪು ದನಿ ಬಂತು. “ಏನ ಗದ್ದಲಾ ಅದು? ಬಂದ್ಳೋ ಇಲ್ಲೋ?” ಸಂಗತಿ ತಿಳಿದ ಮೇಲೆ ಅದೇ ದನಿ ಮಗನನ್ನು ಗದರಿತು: “ಅಕೀಗೆ ಇಳೀಲಿಕ್ಕೆ ಆಗೂದಿಲ್ಲಂದ್ರ ನನ್ನ ಎತ್ತಿಕೊಂಡು ಹೋಗು. ಸಾಯೂ ತನಕಾ ಬಾಗಲಾ ಕಾಯಲ್ಯಾ?”

ಮಗ ಎತ್ತಿಕೊಂಡು ಬಂದ. ಹಾಸಿಗೆಯಲ್ಲಿ ಉಟ್ಟ ಹಳೆಯ ಸೀರೆ, ಮೇಲೊಂದು ಕೌದಿ, ಅದರೊಳಗೆ ಮನುಷ್ಯರು ಇದ್ದಾರೋ ಇಲ್ಲವೋ ಅನ್ನುವಷ್ಟು ಹಗುರ. ರೋಗದ ಹಾಸಿಗೆ ಎಂದರೆ ಎಂಥ ಮೈಲಿಗೆ! ಅವನು ಅವರನ್ನು ಹಲಗೆಯ ಮೇಲೆ ಕೂಡಿಸಿದ. ಅಲ್ಲಿಂದ ಒಳಗೆ ಸರಿಯಲು ಅವರಿಗೆ ಶಕ್ತಿಯಿರಲಿಲ್ಲ. ನಾನು ಅತ್ತೆಯನ್ನು ನೋಡಿದೆ.

ಅತ್ತೆ ಮಣೆಯಿಂದ ಜಾರಿ, ಕೈಯೂರಿಕೊಂಡು ಬಂದರು. “ಹಗೂರ, ಅಕ್ಕಾ, ಹಗೂರ” ಎನ್ನುತ್ತ ಎರಡೂ ತೋಳಲ್ಲಿ ಅಕ್ಕನನ್ನು ಬಾಚಿ ಒಳಗೆಳೆದುಕೊಂಡರು. ಮಣೆಯ ಮೇಲಿನ ಧಾಬಳಿ ಕಿತ್ತು ಅವರಿಗೆ ಹೊದಿಸಿದರು. ಸೊಸೆಯಾಗಿ ಬಂದ ಮೇಲೆ, ಮಡಿಯಲ್ಲಿದ್ದ ಅತ್ತೆ ಒಬ್ಬರನ್ನು ತಾವಾಗಿ ಮುಟ್ಟಿದ್ದನ್ನು ನಾನು ನೋಡಿದ್ದು ಆಗಲೇ.

ಗಂಡಸರು ಉಳಿ ಸುತ್ತಿಗೆ ತಂದು ಬಾಗಿಲ ಹಿಂದೆ ಬಿದ್ದರು. ಒಳಗೆ ಇಬ್ಬರೂ ತವರುಮನೆಯ ಹುಣಸೆಮರ, ಕದ್ದು ತಿಂದ ಬೆಲ್ಲ, ಬಿದ್ದ ಏಟು ಎಂದು ಮಾತಾಡುತ್ತಿದ್ದರು. ಗಂಜಿ ತರಿಸಿ ಅತ್ತೆ ಕೈಯಾರೆ ಕುಡಿಸಿದರು. ಅಕ್ಕ ಬಟ್ಟಲು ಖಾಲಿ ಮಾಡಿದರು. ಅಷ್ಟು ಹೊತ್ತಿಗೆ ಬಾಗಿಲು ಒಮ್ಮೆಲೇ ಕಿರ್ರೆಂದು ಬಿಚ್ಚಿಕೊಂಡಿತು. ಇವರು ಬೆವರು ಒರೆಸಿಕೊಳ್ಳುತ್ತ, “ಅವ್ವಾ, ಇಳಿ” ಎಂದರು.

“ಬಾಗಲಾ ಹಾಕೋ, ಥಂಡಿ ಬರ್ತದ” ಎಂದರು ಇಬ್ಬರೂ ಒಟ್ಟಿಗೇ.

ಮರುದಿನ ಸಂಜೆ ಪುಣೆಗೆ ಮರಳಿದೆವು. ಅತ್ತೆ ಕಾಲು ತೊಳೆದುಕೊಂಡು ಒಳಗೆ ಹೋಗಿ ಮಲಗಿದರು. ಬೆಳಿಗ್ಗೆ ಇವರು ವಾಡಿಕೆಯಂತೆ ಕೊಡ ತುಂಬಿಕೊಂಡು ಅಂಗಳಕ್ಕೆ ಹೋದರು. ಅತ್ತೆ ಪಡಸಾಲೆಯಿಂದ ಕೂಗಿದರು.

“ಏನ ಮಾಡ್ಲಿಕತ್ತೀ?”

“ಗಾಡಿ ತೊಳೀತೀನಿ, ಅವ್ವಾ.”

“ಬ್ಯಾಡ.”

ಇವರು ಕೊಡ ಹಿಡಿದೇ ನಿಂತರು. ಅತ್ತೆ ಹೊಸ್ತಿಲು ದಾಟಿ ಬಂದು, ಒಣಗುತ್ತಿದ್ದ ಆ ಮರದ ಮೇಲೆ ಒಮ್ಮೆ ಕೈಯಾಡಿಸಿದರು.

“ಅಕ್ಕ ಕೂತಾಳ ಇದರಾಗ” ಎಂದರು. “ತೊಳೀಬ್ಯಾಡ.”