ಹೊಳೆವ್ವಳ ಕುರಿ, ಕರೆಪ್ಪನ ಅನುಮಾನ

ರೋಣ ತಾಲ್ಲೂಕಿನ ಅಬ್ಬಿಗೇರಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಊರಂಚಿನ ಎರೆಹೊಲದಲ್ಲಿ ಬಲೆ ಕಟ್ಟಿದ ಹಟ್ಟಿಯೊಳಗೆ ಕುರಿಗಳು ಮೈ ಕೊಡವಿಕೊಂಡು ಏಳುತ್ತಿವೆ. ಹೊಳೆವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿ ಬಲೆಯ ಗೂಟ ಕೀಳುತ್ತಾಳೆ. ರಾತ್ರಿಯಿಡೀ ಕುರಿ ಮಲಗಿದರೆ ಹೊಲಕ್ಕೆ ಗೊಬ್ಬರ. ಅದಕ್ಕೆ ಹೊಲದವರು ಜೋಳ ಅಳೆದು ಕೊಡುತ್ತಾರೆ. ಹೊಲದ ಯಜಮಾನ ಮಾಲತೇಶ ಬದುವಿನ ಮೇಲೆ ನಿಂತು, ಹೊರಬೀಳುವ ಕುರಿಗಳನ್ನು ಬೆರಳು ಮಾಡಿ ಎಣಿಸುತ್ತಾನೆ.

"ಹ್ವಾದ ಸಲಕ್ಕಿಂತ ಕಡಿಮಿ ಕಾಣ್ತಾವಲ್ಲ ಹೊಳೆವ್ವಾ?"

"ಕಡಿಮಿ ಆಗ್ಯಾವ್ರಿ. ಜ್ವಾಳಾನೂ ಕಡಿಮಿ ಅಳೀರಿ, ಮುಗೀತಲ್ಲ."

ಕುರಿ ಎಣಿಸುವವನು ಮಾಲತೇಶನೊಬ್ಬನೇ ಅಲ್ಲ. ಮನೆಯಲ್ಲಿ ಹೊಳೆವ್ವಳ ಅಪ್ಪ ಕರೆಪ್ಪನೂ ಎಣಿಸುತ್ತಾನೆ. ಜೀವಮಾನವೆಲ್ಲ ಕುರಿ ಹಿಂದೆ ನಡೆದವನು. ಬರಬರುತ್ತಾ ದನಿ ಒಡೆಯಿತು. ಗಂಟಲು ಕಟ್ಟಿದೆ ಎಂದು ಮನೆಯವರು ಕಷಾಯ ಕುಡಿಸುತ್ತ ಕುಳಿತರು. ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ಕ್ಯಾನ್ಸರ್ ಬೆಳೆದಿತ್ತು. ವೈದ್ಯರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕರೆಪ್ಪ ಕತ್ತಿನ ತೂತಿನಿಂದ ಉಸಿರಾಡುತ್ತಾನೆ, ಅದರ ಮೇಲೊಂದು ತೆಳು ಬಟ್ಟೆ. ಕಿವಿ ಚುರುಕಾಗಿದೆ, ಕಣ್ಣು ಅದಕ್ಕಿಂತ ಚುರುಕು.

ಹೊಳೆವ್ವಳನ್ನು ಕೊಟ್ಟಿದ್ದು ಬೆಳವಣಕಿಗೆ. ತಮ್ಮ ಬೀರಲಿಂಗ ಗೋವಾದಲ್ಲಿ ಗಾರೆ ಕೆಲಸಕ್ಕಿದ್ದಾನೆ, ಕೈಲಾದಷ್ಟು ಕಳಿಸುತ್ತಾನೆ. ಕುರಿ ನೋಡುವವರಿಲ್ಲದೆ ಹೊಳೆವ್ವ ತವರಿಗೆ ಬಂದಳು. ಆಪರೇಷನ್ ಸರ್ಕಾರದ ಕಾರ್ಡಿನಲ್ಲಿ ಆಯಿತು. ಸ್ಕ್ಯಾನು, ಹೊರಗಿನ ಔಷಧ, ವಿಕಿರಣದ ಕರೆಂಟು ಕೊಡುವ ವಾರಗಳಲ್ಲಿ ಹುಬ್ಬಳ್ಳಿಯಲ್ಲಿ ಹಿಡಿದ ಕೋಣೆ, ಬಸ್ಸು ಇವಕ್ಕೆಲ್ಲ ಕಾರ್ಡು ಬರಲಿಲ್ಲ. ಪ್ರತಿ ಸಲ ಒಂದೆರಡು ಕುರಿ ಗಜೇಂದ್ರಗಡದ ಸಂತೆ ಕಂಡವು.

ಅಪ್ಪನಿಗೆ ಹೇಳಲಿಲ್ಲ. ಕಾರಣವಿತ್ತು. ದನಿ ಹೋಗುವ ಮೊದಲು ಅವನು ಆಡಿದ ಕೊನೆಯ ಮಾತುಗಳಲ್ಲಿ ಒಂದು ಹೀಗಿತ್ತು: "ಕುರಿ ಮಾರಿ ನನ್ನ ಉಳಸ್ತೀರಿ ಅಂದ್ರ ನಾ ದವಾಖಾನಿ ಮೆಟ್ಟಲಾ ಹತ್ತಂಗಿಲ್ಲ."

"ಸ್ವಾದರಮಾವನ ಹಿಂಡಿನ ಜೋಡಿ ದೂರ ಮೇಯಾಕ ಕಳಿಸೀನಿ ಅಂತ ಸುಳ್ಳು ಹೇಳಿದ್ನಿರಿ," ಎನ್ನುತ್ತಾಳೆ ಹೊಳೆವ್ವ.

ಸುಳ್ಳನ್ನು ಹಿಡಿದುಕೊಟ್ಟಿದ್ದು ಒಂದು ಮರಿ. ಮೇಯಲು ಹೋದ ಕುರಿಗಳು ಸಂಜೆ ಹೊಲದ ಹಟ್ಟಿಗೆ ಹೋಗುವ ಮುನ್ನ ಮನೆಗೆ ಬರುತ್ತವೆ. ಕೂಡಿ ಹಾಕಿದ ಮರಿಗಳನ್ನು ಬಿಟ್ಟರೆ ಒಂದೊಂದೂ ತನ್ನ ತಾಯಿಯ ಹೊಟ್ಟೆ ಕೆಳಗೆ ನುಗ್ಗುತ್ತದೆ. ಒಂದು ಸಂತೆಯಲ್ಲಿ ಅವಸರ ಬಿದ್ದು ಹೊಳೆವ್ವ ಹಾಲೂಡುವ ತಾಯಿಯನ್ನು ಮಾರಿ, ಹೆಣ್ಣುಮರಿ ಮುಂದೆ ಹಿಂಡಿಗೆ ಬೇಕೆಂದು ಉಳಿಸಿಕೊಂಡಿದ್ದಳು. ಅದು ಎಲ್ಲ ಕುರಿಗಳ ಕಾಲಡಿ ಒದೆ ತಿಂದು, ಅಂಗಳದ ನಡುವೆ ನಿಂತು ಒದರಿತು. ಯಾವ ಕುರುಬ ಹಾಲೂಡುವ ತಾಯಿಯನ್ನು ಮೇಯಲು ದೂರ ಕಳಿಸುತ್ತಾನೆ?

ಕರೆಪ್ಪ ಮಗಳ ಕಡೆ ನೋಡಿದ. ಆಮೇಲೆ ಬೆಳವಣಕಿಯ ದಿಕ್ಕಿಗೆ ಕೈ ಚಾಚಿ, ಕುರಿ ಸಾಲಾಗಿ ನಡೆದಂತೆ ಬೆರಳಾಡಿಸಿದ.

"ಗಂಡನ ಮನಿಗೆ ಕುರಿ ಸಾಗಸಾಕತ್ತೀನಿ ಅಂದಂಗ ಆತ್ರಿ. ದವಾಖಾನಿ ಸಲುವಾಗಿ ಮಾರೀನೋ ಯಪ್ಪಾ ಅಂದ್ನಿ. ನಂಬಲಿಲ್ಲ. ಕಂಬಳಿ ಹೊದ್ದು ಗ್ವಾಡಿ ಕಡೆ ಹೊಳ್ಳಿದ. ಅಂಬಲಿ ಕೊಟ್ರ ಕೈಯಿಂದ ಸರಿಸಿದ. ಹುಬ್ಬಳ್ಳಿಗೆ ಕ್ಯಾನ್ಸರ್ ಇಂಜೆಕ್ಷನ್ನಿಗೆ ಹೋಗೂ ದಿನ ಹತ್ರ ಬಂದಿತ್ರಿ."

ಸಂತೆಯ ದಿನ ಟಂಟಂ ಆಟೊಗೆ ಎರಡು ಟಗರು ಏರಿಸುವಾಗ ಕರೆಪ್ಪ ತಾನಾಗಿಯೇ ಬಂದು ಅವುಗಳ ನಡುವೆ ಕುಳಿತ. ಬೆಳವಣಕಿಯ ಹಾದಿ ಹಿಡಿಯುತ್ತಾಳೋ ಏನೋ ಎಂದು ಹಾದಿಯುದ್ದಕ್ಕೂ ಹೊರಗೇ ಕಣ್ಣು.

ಗಜೇಂದ್ರಗಡದಲ್ಲಿ ದಲ್ಲಾಳಿಯೊಬ್ಬ ಬಂದು, ಟಗರಿನ ಬೆನ್ನು ಹಿಸುಕಿ, ಹೊಳೆವ್ವಳಿಗೆ ದರ ಕೂಗಿ ಹೇಳಿದ. ಕುರಿ ಸಂತೆಯಲ್ಲಿ ದರ ಕೂಗುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹಾಕಿ, ಒಳಗೆ ಬೆರಳು ಹಿಡಿದು ಗುಟ್ಟಾಗಿ ದರ ಏರಿಸಿ ಇಳಿಸುವ ವ್ಯಾಪಾರ. ಆದರೆ ಹೆಣ್ಣುಮಗಳ ಕೈ ಹಿಡಿಯುವುದು ಹೇಗೆ? ಹೀಗಾಗಿ ಹೊಳೆವ್ವಳಿಗೆ ಕೂಗಿದ್ದೇ ದರ, ಇಷ್ಟು ದಿನ ಆ ಅಗ್ಗದ ದರಕ್ಕೇ ಕೊಟ್ಟಿದ್ದಳು.

ಕರೆಪ್ಪ ಎದ್ದ. ಹೆಗಲ ಟವೆಲ್ ತೆಗೆದು ಮೌಲಾಸಾಬನೆಂಬ ಹಳೆಯ ವ್ಯಾಪಾರಿಯ ಮುಂದೆ ಕೈ ಚಾಚಿದ. ಟವೆಲ್ಲಿನೊಳಗೆ ಬೆರಳುಗಳು ಬಹಳ ಹೊತ್ತು ಜಗಳಾಡಿದವು. ಅಲ್ಲಿ ಯಾರಿಗೂ ದನಿ ಬೇಕಿರಲಿಲ್ಲ.

"ಮಾತಾಡೂ ಕರೆಪ್ಪಗಿಂತ ಮಾತಿಲ್ಲದ ಕರೆಪ್ಪ ಭಾಳ ಬಿರಸ ಅದಾನಲೇ!" ಎಂದು ಮೌಲಾಸಾಬ ಕೈ ಕೊಡವಿಕೊಂಡ. ಹಾಗೆಯೇ ಅಂದ: "ನಿನ್ನ ಮಗಳು ಮರಿ ತಾಯೀನ್ನ ಮಾರಿದ ದಿನ ನಾ ಇಲ್ಲೇ ಇದ್ನಿ. ರೊಕ್ಕ ಸೆರಗಿನ್ಯಾಗ ಕಟಗೊಂಡು, ಅಳಕೋತ ಹುಬ್ಬಳ್ಳಿ ಬಸ್ ಹತ್ತಿದಳು. ನನ್ನ ಮಗಳು ನಾಜಮೀನ ನೆನಪಾದಳು ಮಾರಾಯಾ."

ಕರೆಪ್ಪ ಮೌಲಾಸಾಬ ಕೊಟ್ಟ ನೋಟುಗಳನ್ನು ಮಗಳ ಕೈಗೆ ಇಟ್ಟ. ಆಮೇಲೆ ಅವಳ ತಲೆಗೆ ಒಂದು ಮೊಟಕಿದ.

"ಮಾರಿದ್ದಕ್ಕ ಸಿಟ್ಟಲ್ರಿ ಅದು," ಹೊಳೆವ್ವ ಈಗ ನಗುತ್ತಾಳೆ. "ಅಗ್ಗಕ್ಕ ಮಾರಿದ್ದಕ್ಕ."

ಕರೆಪ್ಪ ಆ ವಾರ ಹುಬ್ಬಳ್ಳಿಗೆ ಹೋಗಿ ಇಂಜೆಕ್ಷನ್ ತೆಗೆದುಕೊಂಡು ಬಂದ. ಮುಂದಿನ ಸ್ಕ್ಯಾನು ಏನು ಹೇಳುತ್ತದೋ ಯಾರಿಗೂ ಗೊತ್ತಿಲ್ಲ. ಒಂಟಿ ಮರಿಗೆ ಈಗ ಮೇಕೆಯ ಹಾಲು. ಸಂಜೆ ಕುರಿ ಬರುವ ಹೊತ್ತಿಗೆ ಅಪ್ಪ ಕಟ್ಟೆ ಮೇಲೆ ಕುಳಿತು ಇಂದಿಗೂ ಎಣಿಸುತ್ತಾನೆ. ಎಣಿಸಿ ಮುಗಿದ ಮೇಲೆ ಅಪ್ಪ ಮಗಳ ಕೈ ಮೇಲೆ ಟವೆಲ್ ಬೀಳುತ್ತದೆ, ಪಾಠ ಶುರುವಾಗುತ್ತದೆ. ಮಗಳು ತಪ್ಪಿದರೆ ಬೆರಳು ಹಿಂಡುತ್ತಾನೆ.

"ಮೌಲಾಸಾಬ ಕಾಕಾ ನೀ ಮಗಳಿದ್ದಂಗ, ಕೈ ಕೊಡು ಅಂದಾನ್ರಿ. ಬರೂ ಸಂತ್ಯಾಗ ಟವಲ್ಲಿನ ಒಳಗ ನಂದ ಕೈ," ಎನ್ನುತ್ತಾಳೆ ಹೊಳೆವ್ವ, ಕಟ್ಟೆಯತ್ತ ನೋಡುತ್ತ. "ಅಪ್ಪ ಬಾಜೂಕ ಅನುಮಾನ ಪಟಗೋತ ಕುಂತಿದ್ರ ಸಾಕ್ರಿ."