ಹಾರ್ನ್ ಹೊಡೆದರೆ ಬರುವ ಚಹಾ

ನನಗೆ ಕೋಪ ಮೂಗಿನ ತುದಿಯಲ್ಲೇ. ಮದುವೆಯಾಗಿ ಪುತ್ತೂರಿನಿಂದ ಕತಾರಿಗೆ ಬಂದ ಹೊಸತರಲ್ಲಿ ಅದಕ್ಕೆ ಬಿಡುವೇ ಇರಲಿಲ್ಲ. ಅಲ್ಲಿ ಮುಐದರ್ ಎಂಬ ಬಡಾವಣೆಯ ಒಂದು ವಿಲ್ಲಾದಲ್ಲಿ ನಮಗೊಂದು ಕೋಣೆ. ಅಡುಗೆಮನೆ ಇನ್ನೆರಡು ಸಂಸಾರಗಳ ಜೊತೆ ಪಾಲು. ನಾನು ಒಗ್ಗರಣೆಗೆ ಸಾಸಿವೆ ಹುಡುಕುವಷ್ಟರಲ್ಲಿ ಒಲೆ ಬೇರೆಯವರ ಪಾಲಾಗಿರುತ್ತಿತ್ತು. ಸಿಟ್ಟು ಬಂದಾಗಲೆಲ್ಲ ಗಂಡನಿಗೆ "ನಿಮ್ಮ ಕತಾರ್" ಎಂದು ಚುಚ್ಚುತ್ತಿದ್ದೆ. ಒಂದು ವರ್ಷ ನೋಡುತ್ತೇನೆ, ರಜೆಗೆ ಊರಿಗೆ ಹೋದರೆ ಮತ್ತೆ ಬರುವುದಿಲ್ಲ ಎಂದು ಹೇಳಿಯೂ ಬಿಟ್ಟಿದ್ದೆ. ಅವರು ವಾದಕ್ಕೆ ಬರಲಿಲ್ಲ. "ಊರಿಗೆ ಬಂದವಳು ನೀರಿಗೆ ಬಾರದೆ ಇರ್ತಾಳಾ?" ಎಂದು ನಕ್ಕರು. ನನಗೆ ಇನ್ನಷ್ಟು ಉರಿಯಿತು.

ಒಂದು ಶುಕ್ರವಾರ ಬೆಳಿಗ್ಗೆ ಅವರು ಮನೆ ಹತ್ತಿರದ ಚಹಾದಂಗಡಿಯ ಎದುರು ಕಾರು ನಿಲ್ಲಿಸಿ, ಕೂತಲ್ಲಿಂದಲೇ ಎರಡು ಸಲ ಹಾರ್ನ್ ಹೊಡೆದರು.

"ಎಂತ ಇದು? ಹೋಟೆಲಿನವರನ್ನು ಹಾರ್ನ್ ಹೊಡೆದು ಕರೆಯುದಾ? ನಾಚಿಕೆ ಆಗುದಿಲ್ವಾ ನಿಮಗೆ?"

"ಇಲ್ಲಿ ಹಾಗೇ ಮಾರಾಯ್ತಿ. ನಾಚಿಕೆ ಆಗುದಾದ್ರೆ ನೀನೇ ಹೋಗಿ ತಾ."

ಹೋದೆ. ಕೌಂಟರಿನ ಎದುರು ದೊಡ್ಡ ಮರ್ಯಾದಸ್ಥೆಯ ಹಾಗೆ ನಿಂತೆ. ಟ್ರೇ ಹಿಡಿದವರು ನನ್ನ ಪಕ್ಕದಿಂದಲೇ ಕಾರುಗಳ ಕಡೆ ಓಡಿದರು, ವಾಪಸು ಬಂದರು, ಮತ್ತೆ ಓಡಿದರು. ನನ್ನತ್ತ ಯಾರೂ ತಿರುಗಲಿಲ್ಲ. ನನ್ನ ಗೊಣಗಾಟ ಕೇಳಿ, ಒಳಗೆ ಚಹಾ ಕುದಿಸುತ್ತಿದ್ದ ಕಾಸರಗೋಡಿನ ಹಿರಿಯರಿಗೆ ಕನಿಕರ ಬಂತು. "ಕಾರಲ್ಲಿ ಕೂತು ಹಾರ್ನ್ ಹೊಡೀರಿ ಅಮ್ಮ. ಇಲ್ಲಿ ನಿಂತ್ರೆ ಮಧ್ಯಾಹ್ನ ಆದ್ರೂ ಚಾಯ ಸಿಗ್ಲಿಕ್ಕಿಲ್ಲ."

ಬಂದು ಕಾರು ಹತ್ತಿ, ಗಂಡನ ಮುಖ ನೋಡದೆ, ಕೈ ಚಾಚಿ ನಾನೇ ಹಾರ್ನ್ ಒತ್ತಿದೆ. ಕೋಪಕ್ಕೆ ಸ್ವಲ್ಪ ಜೋರಾಗಿಯೇ ಒತ್ತಿದೆ. ಅವರು ನಕ್ಕರು. ತಡೆಯಲಾರದೆ ನಾನೂ ನಕ್ಕೆ, ಕತಾರಿಗೆ ಬಂದ ಮೇಲೆ ಮೊದಲ ಸಲ.

ಏಲಕ್ಕಿ ಹಾಕಿ ಕುದಿಸಿದ ದಪ್ಪ ಕರಕ್ ಚಹಾ ಎರಡು ಬಂತು. ಜೊತೆಗೆ ಮೊಟ್ಟೆ ಹಾಕಿ, ಚೀಸ್ ಹಚ್ಚಿ, ಮೇಲೆ ಖಾರದ ಆಲೂಗಡ್ಡೆ ಚಿಪ್ಸ್ ಪುಡಿ ಮಾಡಿ ಸುತ್ತಿದ ಪರೋಟ. ಪರೋಟದೊಳಗೆ ಚಿಪ್ಸ್ ಹಾಕುವವರ ಬುದ್ಧಿಗೆ ಏನೆನ್ನಬೇಕು ಎಂದು ಮೂಗು ಮುರಿಯುತ್ತಲೇ ಒಂದು ಮುಗಿಸಿದೆ. ಎರಡನೆಯದನ್ನು ಮೂಗು ಮುರಿಯದೆ ತಿಂದೆ.

ಆಮೇಲೆ ಶುಕ್ರವಾರವೆಂದರೆ ಅದೇ ಆಯಿತು. ಅಲ್ ಮನ್ಸೂರಾ ಎಂಬಲ್ಲಿ ನಮ್ಮ ಕಡೆಯವರ ಹೋಟೆಲೊಂದರಲ್ಲಿ ಊರಿನ ಗೋಳಿಬಜೆ, ಬನ್ಸ್ ಸಿಗುತ್ತಿತ್ತು; ಅಲ್ಲಿಗೂ ಹೋಗುತ್ತಿದ್ದೆವು. ಆದರೆ ಅಲ್ಲಿ ನಾನು ಪ್ರತಿ ತುತ್ತನ್ನೂ ಅಮ್ಮ ಮಾಡಿದ್ದರ ಜೊತೆ ತೂಗಿ ನೋಡುತ್ತಿದ್ದೆ, ಪ್ರತಿ ಸಲವೂ ಹೋಟೆಲಿನವರೇ ಸೋಲುತ್ತಿದ್ದರು. ಚಿಪ್ಸ್ ಪರೋಟಕ್ಕೆ ಆ ಕಾಟ ಇರಲಿಲ್ಲ. ಅಮ್ಮ ಅದನ್ನು ಕಂಡೇ ಇಲ್ಲ.

ವರ್ಷ ತುಂಬಿ ಊರಿಗೆ ಬಂದೆವು. ನಾನು ಹೇಳಿದ್ದ ಮಾತಿನಂತೆ ಗಂಡ ವಾಪಸು ಟಿಕೆಟ್ ತಮ್ಮದೊಂದನ್ನೇ ಮಾಡಿಸಿದ್ದರು. ಅವರು ಹೊರಡುವುದಕ್ಕೆ ಮೂರು ದಿನ ಇರುವಾಗ ಪೇಟೆಗೆ ಹೋದೆವು. ಅವರು ಹೋಟೆಲೊಂದರ ಎದುರು ಬಾಡಿಗೆ ಕಾರು ನಿಲ್ಲಿಸಿದ್ದೇ ತಡ, ನನ್ನ ಕೈ ತಾನಾಗಿ ಚಾಚಿ ಎರಡು ಸಲ ಹಾರ್ನ್ ಒತ್ತಿತು.

ಬಾಗಿಲಲ್ಲಿ ನಿಂತು ಚಹಾ ಕುಡಿಯುತ್ತಿದ್ದವರೊಬ್ಬರು ಗ್ಲಾಸು ಕೆಳಗಿಟ್ಟು ಬಂದು, ನಮ್ಮ ದಾರಿಗೆ ಅಡ್ಡವಾಯಿತೇನೋ ಎಂದು ತಮ್ಮ ಸ್ಕೂಟರನ್ನು ಪಕ್ಕಕ್ಕೆ ಸರಿಸಿದರು. "ಈಗ ಹೋಗ್ತದೆ, ಹೋಗಿ" ಎಂದು ಕೈಯಾಡಿಸಿದರು. ನಾಚಿಕೆಯಿಂದ ನಾನು ಸೀಟಿನಲ್ಲಿ ಕುಗ್ಗಿದೆ.

"ನಮ್ಮಲ್ಲಿ ಆದ್ರೆ ಇಷ್ಟೊತ್ತಿಗೆ ಚಹಾ ಬಂದಾಗ್ತಿತ್ತು" ಎಂದೆ.

ಗಂಡ ಇಂಜಿನ್ ಆರಿಸಿದರು. ನನ್ನ ಕಡೆ ತಿರುಗಿದರು.

"ಇನ್ನೊಂದು ಟಿಕೆಟ್ ಸಿಗ್ತದಾ ನೋಡ್ಲಾ?"

"ಮತ್ತೆಂತ, ಶುಕ್ರವಾರ ನೀವೊಬ್ರೇ ತಿನ್ನುದಾ?" ಎಂದು ಗದರಿಸಿ, ಕಾರಿನಿಂದಿಳಿದು ಚಹಾ ಕುಡಿಯಲು ಒಳಗೆ ನಡೆದೆ.